ಇವತ್ತಿನ ಮ್ಯಾಚ್ ಹೋಗ್ಲಿ ಬಿಡು

ಮೊನ್ನೆ ವೀಡಿಯೊ ಕಾಲ್‌ನಲ್ಲಿ ಭಾವಮೈದ ಸಿಕ್ಕಿದ್ದ. ಮೈಸೂರಿನಲ್ಲಿ ಬೆಳಗ್ಗೆ, ಇಲ್ಲಿ ಸಿಯಾಟಲ್ ಪಕ್ಕದ ನಮ್ಮೂರಲ್ಲಿ ರಾತ್ರಿ. ಅಕ್ಕನ ಜೊತೆ ಮಾತು ಮುಗಿಸಿ ಅವನು ನನ್ನ ಕಡೆ ತಿರುಗಿದಾಗ ನಾನು ಬೇಸ್‌ಬಾಲ್ ವಿಡಿಯೋ ಗೇಮ್ ಆಡುತ್ತಾ ಕೂತಿದ್ದೆ. ಸ್ಕೋರ್ ಎಷ್ಟು ಅಂದ. 12-2, ಸೋಲ್ತಾ ಇದೀನಿ ಅಂದೆ. ಅಷ್ಟರಲ್ಲಿ ನಾನು ಪಿಚರ್‌ನ, ಅಂದರೆ ನಮ್ಮ ಬೌಲರ್ ಥರ ಚೆಂಡು ಎಸೆಯುವವನನ್ನ, ಒಳಗೆ ಕಳಿಸಿ, ಚೆಂಡು ಎಸೆಯೋಕೆ ಗೊತ್ತೇ ಇಲ್ಲದ ಒಬ್ಬ ಫೀಲ್ಡರ್‌ನ ಆ ಜಾಗಕ್ಕೆ ನಿಲ್ಲಿಸಿದೆ. "ಏನ್ ಭಾವ, ಮ್ಯಾಚ್ ಫಿಕ್ಸಿಂಗಾ?" ಅಂತ ನಕ್ಕ. ನಕ್ಕಿದ್ದು ಸಾಲದು ಅಂತ ಬುದ್ಧಿ ಬೇರೆ ಹೇಳಿದ. "ಹಳೇ ಸೇವ್‌ಗೆ ಹೋಗಿ ಮತ್ತೆ ಆಡಿ ಗೆಲ್ಲಿ. ಸೋಲೋಕೆ ಯಾರಾದ್ರೂ ದುಡ್ಡು ಕೊಟ್ಟು ಗೇಮ್ ತಗೋತಾರಾ?"

ಚುರುಕ್ ಅಂತು. ಅವನಿಗೆ ಅಲ್ಲಿ ಹೇಳೋಕಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇಮ್ ಹೆಸರು ಎಂಎಲ್‌ಬಿ ದ ಶೋ. ಟೀಮ್ ನಮ್ಮ ಸಿಯಾಟಲ್ ಮ್ಯಾರಿನರ್ಸ್. ಅಮೆರಿಕದ ಬೇಸ್‌ಬಾಲ್ ಸೀಸನ್ ಅಂದರೆ ಒಂದು ಟೀಮಿಗೆ 162 ಪಂದ್ಯ, ಪ್ಲೇಆಫ್ ಬಿಟ್ಟು. ನಮ್ಮ ಆರ್‌ಸಿಬಿ ಲೀಗ್‌ನಲ್ಲಿ ಆಡೋದು 14. ಗೇಮಿನಲ್ಲಿ ಇಷ್ಟನ್ನೂ ಆಡಬೇಕಂತ ಯಾರೂ ಕಟ್ಟಿಹಾಕಿಲ್ಲ. ಒಂದು ಗುಂಡಿ ಒತ್ತಿದರೆ ಇಡೀ ತಿಂಗಳು ತಾನಾಗಿ ಓಡಿಹೋಗುತ್ತೆ. ಮುಖ್ಯವಾದ ಗಳಿಗೆಗಳನ್ನಷ್ಟೇ ಆಡಿ ಮಾರ್ಚ್‌ನಿಂದ ಅಕ್ಟೋಬರ್‌ಗೆ ಹಾರುವ ದಾರಿಯೂ ಇದೆ. ನಾನು ಮಾತ್ರ ಒಂದೊಂದು ಪಂದ್ಯವನ್ನೂ ಒಂಬತ್ತೂ ಇನ್ನಿಂಗ್ಸ್ ಆಡ್ತೀನಿ. ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ, ಹೊರಗೆ ಜಿನುಗುವ ಮಳೆ. ಇನ್ನೇನು ಮಾಡೋದು ಹೇಳಿ.

ಮ್ಯಾರಿನರ್ಸ್ ಬಗ್ಗೆ ಒಂದೇ ಮಾತು ಸಾಕು. 1977ರಿಂದ ಆಡುತ್ತಿರುವ ಈ ಟೀಮ್ ಇವತ್ತಿನವರೆಗೆ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್, ಮೆಟ್ಟಿಲು ಹತ್ತಿಲ್ಲ. ಮೂವತ್ತು ಟೀಮುಗಳಲ್ಲಿ ಈ ಭಾಗ್ಯ ಇವರೊಬ್ಬರದೇ. 2001ರಲ್ಲಿ 116 ಪಂದ್ಯ ಗೆದ್ದು 1906ರ ಚಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿದರು, ಆಮೇಲೆ ಸೆಮಿಫೈನಲ್ ಅನ್ನಬಹುದಾದ ಕಡೆ ಯಾಂಕೀಸ್ ಕೈಲಿ ಸೋತು ಮನೆಗೆ ಬಂದರು. ಅಲ್ಲಿಂದ 2022ರವರೆಗೆ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಬೆಂಗಳೂರಿನವನಿಗೆ ಇಂಥ ಟೀಮ್ ಬಿಟ್ಟು ಬೇರೆ ಯಾವುದು ಹಿಡಿಸುತ್ತೆ? ಇನ್ನೊಂದು ತಮಾಷೆ ಇದೆ. ಈ ಟೀಮ್ ವರ್ಷಗಟ್ಟಲೆ ನಿಂಟೆಂಡೊ ಕೈಯಲ್ಲಿತ್ತು. 1994ರಲ್ಲಿ ಅವರು ಇಲ್ಲಿನ ಹೀರೋ ಕೆನ್ ಗ್ರಿಫಿ ಜೂನಿಯರ್ ಹೆಸರಲ್ಲಿ ಒಂದು ಗೇಮ್ ತಂದರು. ಆಟಗಾರರ ಸಂಘದ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಗ್ರಿಫಿ ಒಬ್ಬನ ಹೆಸರು ನಿಜ, ಮಿಕ್ಕವರದೆಲ್ಲ ಕಟ್ಟಿದ ಹೆಸರು.

ಇರಲಿ, ಫಿಕ್ಸಿಂಗ್ ವಿಷಯಕ್ಕೆ ಬರ್ತೀನಿ. ಇಲ್ಲಿ ಮ್ಯಾಚ್ ಅನ್ನೋದು ಹಬ್ಬದ ಹೋಳಿಗೆ ಅಲ್ಲ, ದಿನದ ಅನ್ನ ಸಾರು. ಇವತ್ತು ಇದೆ, ನಾಳೆ ಇದೆ, ನಾಡಿದ್ದೂ ಇದೆ. ಒಬ್ಬ ಸ್ಟಾರ್ಟಿಂಗ್ ಪಿಚರ್ ಒಂದು ದಿನ ನೂರರ ಹತ್ತಿರ ಚೆಂಡು ಎಸೆದರೆ ಸಾಮಾನ್ಯವಾಗಿ ನಾಲ್ಕೈದು ದಿನ ಅವನ ಕೈಗೆ ವಿಶ್ರಾಂತಿ. ಅವನ ನಂತರ ಬರುವವರನ್ನೂ ದಿನಾ ದುಡಿಸುವ ಹಾಗಿಲ್ಲ. 12-2ರಲ್ಲಿ ಹಿಂದಿರುವಾಗ ಒಳ್ಳೆ ಪಿಚರ್‌ನ ಇಳಿಸಿದರೆ ಈ ಮ್ಯಾಚೂ ಹೋಯಿತು, ನಾಳೆಗೆ ಅವನೂ ಇಲ್ಲ. ಅದಕ್ಕೇ ಮ್ಯಾನೇಜರ್ ಯಾವನೋ ಇನ್‌ಫೀಲ್ಡರ್‌ನ ಕರೆದು, ಹೋಗಪ್ಪ ನಿಧಾನಕ್ಕೆ ಎಸಿ, ಹೊಡೆಸಿಕೋ ಅಂತಾನೆ. ಇದಕ್ಕೆ ನಿಯಮವೇ ಇದೆ, 8 ಅಥವಾ ಅದಕ್ಕಿಂತ ಜಾಸ್ತಿ ರನ್ ಹಿಂದಿದ್ದರೆ ಹೀಗೆ ಮಾಡಬಹುದು. ಸೋಲನ್ನು ಒಪ್ಪಿಕೊಳ್ಳೋದಕ್ಕೆ ನಿಯಮ ಬರೆದಿಟ್ಟಿರುವ ಆಟ ಇದು!

ಮ್ಯಾರಿನರ್ಸ್ ಮೈದಾನ ಟಿ-ಮೊಬೈಲ್ ಪಾರ್ಕ್‌ನಲ್ಲಿ ಒಮ್ಮೆ ಇದನ್ನು ಕಣ್ಣಾರೆ ನೋಡಿದೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು, ತೊಡೆ ಮೇಲೆ ಸ್ಕೋರ್ ಹಾಳೆ, ಕೈಲಿ ಪೆನ್ಸಿಲ್. ಅರ್ಧ ಸ್ಟೇಡಿಯಂ ಖಾಲಿಯಾಗಿತ್ತು. ಫೀಲ್ಡರ್ ಬಂದು ಚೆಂಡು ಎಸೆಯೋಕೆ ನಿಂತಾಗ ಜನ ಬೈಯಲಿಲ್ಲ, ಚಪ್ಪಾಳೆ ತಟ್ಟಿ ನಕ್ಕರು. ಆಯಮ್ಮ ಕೊನೆಯ ಔಟ್‌ವರೆಗೂ ಒಂದೊಂದು ಚೌಕ ತುಂಬಿಸಿ, ಹಾಳೆ ಮಡಚಿ, ನಾಳೆ ಯಾರು ಪಿಚ್ ಮಾಡ್ತಾರೆ ಅಂತ ನನ್ನನ್ನು ಕೇಳಿದರು. ನಾಳೆಯ ಮಾತು! ಸೋತು ಎರಡು ನಿಮಿಷ ಆಗಿಲ್ಲ.

ನಮ್ಮಲ್ಲಿ? 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್ ಆದ ರಾತ್ರಿ ನಾನು ಮಾವನ ಮನೆಯಲ್ಲಿದ್ದೆ. ಮಾವ ಟಿವಿ ಆರಿಸಿ ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಊಟಕ್ಕೆ ಕರೆದರೆ ಬರಲಿಲ್ಲ. ಬೆಳಗ್ಗೆ ಕಾಫಿ ಕೊಡುವಾಗಲೂ ಆ ಮಾತು ಎತ್ತಬೇಡಿ ಅಂತ ಅತ್ತೆ ಕಣ್ಸನ್ನೆ ಮಾಡಿದರು. ಕ್ರಿಕೆಟ್ ಮಾತ್ರ ಅಲ್ಲ, ಎಲ್ಲದರಲ್ಲೂ ಇದೇ ನಮ್ಮ ರೀತಿ. ಸಿಇಟಿ ರ‍್ಯಾಂಕ್ ಬಂದ ದಿನ ನಮ್ಮ ಬೀದಿಯ ಹುಡುಗನೊಬ್ಬ ಮಹಡಿಯಿಂದ ಕೆಳಗೇ ಇಳಿಯಲಿಲ್ಲ. ಅವನ ಅಮ್ಮ ಹಾಲಿನವನಿಗೂ ಮುಖ ತೋರಿಸಲಿಲ್ಲ. ನಾವು ಒಂದೇ ಮ್ಯಾಚಿಗೆ ಬದುಕೆಲ್ಲ ಪಣ ಇಡ್ತೀವಿ, ಸೋತರೆ ಅದನ್ನು ಎಲ್ಲಿಡಬೇಕಂತ ಗೊತ್ತಾಗದೆ ಮನೆಯವರ ಮೇಲೆ ಹಾಕ್ತೀವಿ. ಇಲ್ಲಿ 2025ರಲ್ಲಿ ಕಪ್ ಗೆದ್ದ ಡಾಡ್ಜರ್ಸ್ ಆ ಸೀಸನ್‌ನಲ್ಲಿ ಸೋತಿದ್ದು 69 ಪಂದ್ಯ. ಅಷ್ಟು ಸಲ ಸೋಲುವ ಟೀಮಿಗೆ ನಮ್ಮ ವಾಟ್ಸಾಪ್ ಗ್ರೂಪ್‌ಗಳು ಎಷ್ಟು ಕ್ಯಾಪ್ಟನ್‌ಗಳನ್ನು ಬದಲಾಯಿಸುತ್ತಿದ್ದವೋ.

ಸೋತ ಮ್ಯಾಚನ್ನು ಅಳಿಸಿ ಮತ್ತೆ ಆಡು ಅನ್ನೋದು ನನಗೆ ಅದಕ್ಕೇ ಹಿಡಿಸಲ್ಲ. ನನ್ನ ಗೇಮಿನ ಸೀಸನ್‌ನಲ್ಲಿ ಮೇ ತಿಂಗಳು ಪೂರ್ತಿ ಪೆಟ್ಟು ತಿಂದಿದ್ದೇ ಆಯಿತು. ಕ್ಯಾಲ್ ರಾಲಿ, ನಿಜದಲ್ಲಿ 2025ರ ಸೀಸನ್‌ನಲ್ಲಿ 60 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ಕ್ಯಾಚರ್, ನನ್ನ ಕೈಗೆ ಸಿಕ್ಕಮೇಲೆ ಬರೀ ಸ್ಟ್ರೈಕ್‌ಔಟ್. ಇವತ್ತಿನ ಮ್ಯಾಚ್ ಹೋಗ್ಲಿ ಬಿಡು ಅಂತ ಕಂಟ್ರೋಲರ್ ಕೆಳಗಿಟ್ಟು ಮಲಗೋದು ನಲವತ್ತು ದಾಟಿದ ಮೇಲೆ ಕಲಿತೆ, ಅದೂ ಒಂದು ಆಟದ ಸಾಮಾನಿನಿಂದ.

ಹಾಗಂತ ಒಂದು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಎತ್ತಿದಾಗ ಇಲ್ಲಿ ಬೆಳಗಿನ ಹೊತ್ತು. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಫೋನ್ ನೋಡುತ್ತಾ ಅತ್ತುಬಿಟ್ಟೆ. ಮಾವ ಫೋನ್ ಮಾಡಿದರು, ಮಾತೇ ಹೊರಡಲಿಲ್ಲ ಅವರಿಗೆ. ಮರುದಿನ ಚಿನ್ನಸ್ವಾಮಿ ಎದುರು 11 ಜನ ಸತ್ತ ಸುದ್ದಿ ಬಂದು ಆ ಖುಷಿಯೂ ಉಳಿಯಲಿಲ್ಲ. ಆದರೂ 18 ವರ್ಷ ಕಾದ ಆ ಒಂದು ಗಳಿಗೆ ಈ ಗೇಮಿನಲ್ಲಿ ಹತ್ತು ವರ್ಲ್ಡ್ ಸೀರೀಸ್ ಗೆದ್ದರೂ ಸಿಗಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮ್ಯಾರಿನರ್ಸ್ ವರ್ಲ್ಡ್ ಸೀರೀಸ್ ಬಾಗಿಲಿಗೇ ಬಂದರು. ಟೊರಾಂಟೊದಲ್ಲಿ ಸೆಮಿಫೈನಲ್‌ನ ಏಳನೇ, ಕೊನೇ ಪಂದ್ಯ, 3-1ರಲ್ಲಿ ಮುಂದೆ. ಏಳನೇ ಇನ್ನಿಂಗ್ಸ್‌ನಲ್ಲಿ ಜಾರ್ಜ್ ಸ್ಪ್ರಿಂಗರ್ ಒಂದೇ ಏಟಿಗೆ ಮೂರು ರನ್ ಹೊಡೆದ, 4-3. ಕೊನೆಗೆ ಬಂದು ಗೆಲುವು ಕಾಯುವ ನಮ್ಮ ಪಿಚರ್, ಕ್ಲೋಸರ್ ಮುನ್ಯೋಸ್, ಸುಮ್ನೆ ಕೂತೇ ಇದ್ದ! ಮರುದಿನ ಆಫೀಸಿನಲ್ಲಿ ಪಕ್ಕದ ಸೀಟಿನವನು, ಇಲ್ಲೇ ಹುಟ್ಟಿ ಬೆಳೆದವನು, ಒಳ್ಳೆ ಸೀಸನ್ ಆಯ್ತು ಅಲ್ವಾ ಅಂತ ಹೇಳಿ ಹ್ಯಾಲೊವೀನ್ ಕುಂಬಳಕಾಯಿ ವಿಷಯಕ್ಕೆ ಹೋದ. ಇಷ್ಟೊತ್ತು ನಾನು ಹೊಗಳಿದ ಅದೇ ಸಮಾಧಾನ ಅವತ್ತು ನನಗೆ ಮೈ ಉರಿಸಿತು. ಮಧ್ಯಾಹ್ನ ಊಟ ಬಿಟ್ಟು ಕರ್ಕ್‌ಲ್ಯಾಂಡ್‌ನಲ್ಲಿರುವ ದಾವಣಗೆರೆ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಬೇಸ್‌ಬಾಲ್‌ನ ಗಂಧಗಾಳಿ ಇಲ್ಲ. ಆದರೂ ಆರ್‌ಸಿಬಿ ಸೋತ 2016ರ ಫೈನಲ್‌ನಿಂದ ಶುರುಮಾಡಿ ಒಂದು ಗಂಟೆ ನನ್ನ ಜೊತೆ ಬೈದ.