ಅಣ್ಣ ತಮ್ಮಂದಿರ ಕಬಡ್ಡಿ

ಭಾನುವಾರ ಊಟ ಮುಗಿಸಿ ಟಿವಿ ಹಾಕಿದರೆ ಮತ್ತದೇ ಸಿನಿಮಾ ಕತೆ. ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮ. ನಗಿಸೋಕೆ ಒಬ್ಬ ಕುಡುಕ ಕೋಚ್. ಕೊನೆಗೆ ಊರಿನ ಮಾನ ಉಳಿಸುವ ಕಬಡ್ಡಿ ಮ್ಯಾಚ್. ಇಬ್ಬರೂ ಒಂದೇ ಬಣ್ಣದ ಜೆರ್ಸಿ ಹಾಕಿ ಅಂಕಣಕ್ಕೆ ಇಳಿದರೆ ಮುಗೀತು, ಗೋಡೆ ಮೇಲಿನ ಅಪ್ಪನ ಫೋಟೋ ಕೂಡ ನಗುತ್ತದೆ.

ಒಂದು ರೈಡಿಗೆ 30 ಸೆಕೆಂಡ್, ಅಷ್ಟೇ. ಆದರೆ ನಮ್ಮ ಹೀರೋ ಗೆರೆ ದಾಟಿ ಉಸಿರು ಹಿಡಿದರೆ ಅವ್ವನ ಸಾವು, ಹೊಲ ಪಾಲಾದ ದಿನ, ಅತ್ತಿಗೆಯ ಕಣ್ಣೀರು, ಪೂರ್ತಿ ಒಂದು ಹಾಡು, ಎಲ್ಲ ಬಂದು ಹೋಗುತ್ತವೆ. ರೆಫರಿ ಸುಮ್ನೆ ನಿಂತಿರುತ್ತಾನೆ. ಪಾಪ, ಅವನೂ ಅಳುತ್ತಿರಬೇಕು.

ನಮ್ಮೂರಿನಲ್ಲಿ ಇಬ್ಬರು ಅಣ್ಣ ತಮ್ಮಂದಿರು ಬದುವಿನ ಮೇಲಿನ ಒಂದು ತೆಂಗಿನ ಮರಕ್ಕಾಗಿ ಮಾತು ಬಿಟ್ಟಿದ್ದರು. ಕಾಯಿ ಯಾರ ಕಡೆ ಬೀಳುತ್ತೋ ಅವರಿಗೆ ಅಂತ ಪಂಚಾಯ್ತಿ ಆಯಿತು. ಆಮೇಲೆ ಗಾಳಿ ಯಾರ ಕಡೆಯಿಂದ ಬೀಸುತ್ತೆ ಅನ್ನೋದಕ್ಕೆ ಜಗಳ. ಮರ ಒಣಗಿತು, ಕೇಸು ಇನ್ನೂ ಹಸಿರಾಗಿದೆ. ಇಂಥದ್ದೆಲ್ಲ ಒಂದು ಮ್ಯಾಚಿನಲ್ಲಿ ಬಗೆಹರಿದರೆ ವಕೀಲರು ಹೊಟ್ಟೆಗೆ ಏನು ತಿನ್ನಬೇಕು?

ಸಂಸಾರ ನಡೆಸೋದನ್ನು ಸಿನಿಮಾದವರು ಭಾರತದ ಕಬಡ್ಡಿ ಫೆಡರೇಶನ್ನಿನಿಂದ ಕಲಿಯಬೇಕು. ಅಲ್ಲಿ ಮನೆ ಒಡೆಯುವುದೇ ಇಲ್ಲ. 28 ವರ್ಷ ಅಧ್ಯಕ್ಷರಾಗಿದ್ದ ಜನಾರ್ದನ ಸಿಂಗ್ ಗೆಹ್ಲೋಟ್ 2013ರಲ್ಲಿ ಆಜೀವ ಅಧ್ಯಕ್ಷರಾದರು. ಖಾಲಿಯಾದ ಕುರ್ಚಿಗೆ ಅವರ ಹೆಂಡತಿ ಬಂದರು. ಅವರು ಡಾಕ್ಟರು. ಕಬಡ್ಡಿಯಲ್ಲಿ ಕೈಕಾಲು ಮುರಿಯುತ್ತಲ್ವಾ, ದೂರದೃಷ್ಟಿ ಅಂದರೆ ಇದು! ದೆಹಲಿ ಹೈಕೋರ್ಟಿಗೆ ಮಾತ್ರ ಈ ಆದರ್ಶ ದಾಂಪತ್ಯ ಹಿಡಿಸಲಿಲ್ಲ. 2018ರ ಆಗಸ್ಟಿನಲ್ಲಿ ಇಬ್ಬರ ಪಟ್ಟವನ್ನೂ ರದ್ದು ಮಾಡಿತು.

ಅದೇ ತಿಂಗಳು ಜಕಾರ್ತದ ಏಷ್ಯನ್ ಗೇಮ್ಸ್. 1990ರಿಂದ ಸತತ 7 ಚಿನ್ನ ಗೆದ್ದಿದ್ದ ಭಾರತದ ಗಂಡಸರ ತಂಡ ಸೆಮಿಫೈನಲ್‌ನಲ್ಲಿ ಇರಾನಿಗೆ 18-27ರಿಂದ ಶರಣಾಯಿತು. ಹೆಂಗಸರೂ ಫೈನಲ್‌ನಲ್ಲಿ ಇರಾನಿಗೇ ಸೋತರು.

ತಂಡದ ಆಯ್ಕೆಯೇ ಸರಿಯಿಲ್ಲ ಅಂತ ಕೆಲವರು ಮೊದಲೇ ಕೋರ್ಟಿಗೆ ಹೋಗಿದ್ದರು. ಹಾಗಾದರೆ ಆಡಿಯೇ ನೋಡಿ, ಅಂದಿತು ಕೋರ್ಟು. ಜಕಾರ್ತಕ್ಕೆ ಹೋದವರು ಒಂದು ಕಡೆ, ಆಯ್ಕೆಯಾಗದೆ ಉಳಿದವರು ಇನ್ನೊಂದು ಕಡೆ. ಸೆಪ್ಟೆಂಬರ್ 15, ದೆಹಲಿಯ ಇಂದಿರಾ ಗಾಂಧಿ ಸ್ಟೇಡಿಯಂ, ನೋಡಿಕೊಳ್ಳೋಕೆ ನಿವೃತ್ತ ನ್ಯಾಯಾಧೀಶರು. ಆಯ್ಕೆಯಾಗದವರು ಬಂದರು. ಜಕಾರ್ತಕ್ಕೆ ಹೋದವರು ಬರಲೇ ಇಲ್ಲ.

ನನಗೆ ಇಲ್ಲಿ ತಮಾಷೆ ಮಾಡೋಕೆ ಮನಸ್ಸು ಬರ್ತಿಲ್ಲ. ಮಣ್ಣಿನಲ್ಲಿ ಮೊಣಕಾಲು ಕಿತ್ತುಕೊಂಡು ಆಟ ಕಲಿತ ಹುಡುಗ ‘ನನ್ನ ಆಟ ಒಂದ್ಸಲ ನೋಡಿ’ ಅಂತ ವಕೀಲರ ಮೂಲಕ ಕೇಳಬೇಕಾ? ಆ ಹುಡುಗನಿಗೆ ವಯಸ್ಸಾಗುತ್ತೆ ಕಣ್ರೀ. ಆಜೀವ ರೈಡರ್ ಅಂತ ಯಾವ ಹುದ್ದೆಯೂ ಇಲ್ಲ.

ಸಿನಿಮಾ ಮಾಡುವವರು ಬೇಕಾದರೆ ಈ ಕತೆ ತಗೊಳ್ಳಬಹುದು. ಖರ್ಚು ಕಮ್ಮಿ. ಕ್ಲೈಮ್ಯಾಕ್ಸಿಗೆ ಒಂದು ಮ್ಯಾಟ್ ಹಾಸಿದರೆ ಸಾಕು, ಎದುರು ತಂಡಕ್ಕೆ ಸಂಭಾವನೆ ಕೊಡುವ ಗೋಜೇ ಇಲ್ಲ.