ಗಲ್ಲಾದ ಮೇಲಿನ ಫೋಟೊದಲ್ಲಿ ಇಲ್ಲದವರು

ಕಾಪುವಿನ ಕಡಲ ಬದಿಯಲ್ಲಿರುವ ನಮ್ಮ ಕುಟುಂಬದ ಹೋಟೆಲಿಗೆ ಹೊಸ ಬೋರ್ಡು ಬರೆಸುವ ಮಾತು ನಡೆದಿದೆ. ಮಾವನ ಮಗ ಕಳುಹಿಸಿದ ನಮೂನೆಯಲ್ಲಿ ‘ಅಜ್ಜ ಕಟ್ಟಿದ ಹೋಟೆಲು, ಮೂರನೆಯ ತಲೆಮಾರಿನ ಸೇವೆ’ ಎಂದಿದೆ. ಮೂರನೆಯ ತಲೆಮಾರು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಅಜ್ಜ ಕಟ್ಟಿದ್ದು ಎನ್ನುವುದಕ್ಕೆ ಇದೆ.

ನಮ್ಮದು ಅಳಿಯಸಂತಾನದ ಮನೆ, ಅಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗುವ ಮನೆ. ದಕ್ಷಿಣ ಕನ್ನಡ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ, ಕೂಡುಕುಟುಂಬಗಳು ಪಾಲಾಗತೊಡಗಿದವಲ್ಲ, ಆಗ ಅಜ್ಜಿಯ ಕವರಿಗೆ, ಎಂದರೆ ಕುಟುಂಬದಲ್ಲಿ ಅವರ ಕವಲಿಗೆ, ಬಂದದ್ದು ತೆಂಗಿನ ಹೊರತು ಏನೂ ಬೆಳೆಯದ ಈ ಮರಳು ಜಾಗ. ಗದ್ದೆ ಸಿಕ್ಕವರು ನಕ್ಕಿದ್ದರಂತೆ. ಮುಂದೆ 1974ರ ಭೂಸುಧಾರಣೆಯಲ್ಲಿ ಆ ಗದ್ದೆಗಳು ಉಳುವವರ ಹೆಸರಿಗೆ ಹೋದವು (ಹೋಗಬೇಕಾದದ್ದೇ). ಮರಳು ಮಾತ್ರ ಯಾರಿಗೂ ಬೇಡವಾಗಿ ಅಜ್ಜಿಯ ಹತ್ತಿರವೇ ಉಳಿಯಿತು. ಅಷ್ಟರಲ್ಲಿ ಅದರ ಮೇಲೆ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಎದ್ದಿತ್ತು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಸಿಗುತ್ತಿತ್ತು.

ಅಜ್ಜ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಬಂದವರು. ಲೆಕ್ಕದಲ್ಲಿ ಗಟ್ಟಿ. ಅವರ ಲೆಕ್ಕಪುಸ್ತಕ ಈಗಲೂ ಇದೆ. ಸಪ್ಲಾಯರನ ಸಂಬಳ, ಕ್ಲೀನರ್ ಹುಡುಗನ ಸಂಬಳ, ಐಸು, ಸೌದೆ, ಒಂದು ಪೈಸೆಯೂ ತಪ್ಪಿಲ್ಲ. ಅಜ್ಜಿಯ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಆಮೇಲೆ ಗಲ್ಲಾಕ್ಕೆ ಬಂದ ದೊಡ್ಡ ಮಾವನ ಪುಸ್ತಕದಲ್ಲಿ ಅತ್ತೆಯೂ ಇಲ್ಲ, ನನ್ನ ಅಮ್ಮನೂ ಇಲ್ಲ. ಬ್ಯಾಡಗಿ ಮೆಣಸು ಹುರಿದು ಕಲ್ಲಿನಲ್ಲಿ ಮಸಾಲೆ ಅರೆದವರು ಇವರು. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಎರಡು ತಿಂಗಳು ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆಗಳಲ್ಲಿಯೇ ಊಟ ನಡೆಸಿದವರೂ ಇವರೇ. ಸುಗ್ಗಿ ಮಾರಿಪೂಜೆಗೆ ರೂಮುಗಳು ತುಂಬಿದರೆ ತಮ್ಮ ಕೋಣೆಯನ್ನೂ ಗಿರಾಕಿಗೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗುತ್ತಿದ್ದರು. ಆ ರೂಮಿನ ಬಾಡಿಗೆ ಪುಸ್ತಕದಲ್ಲಿದೆ!

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಮುಂಬೈಯ ನೆಂಟರಿಷ್ಟರು ಮೇ ತಿಂಗಳಲ್ಲಿ ತಂಡತಂಡವಾಗಿ ಬಂದರು. ನಮ್ಮ ಒಳ್ಳೆಯ ಕಾಲ ಅದು. ಅತ್ತೆಯ ಮೊಣಕಾಲು ಹೋದದ್ದೂ ಆಗಲೇ. ಅವರ ಬದಲಿಗೆ ಇಬ್ಬರು ಅಡುಗೆಯವರನ್ನು ಸಂಬಳಕ್ಕೆ ಇಟ್ಟ ವರ್ಷವೇ ಲಾಭ ಮಾಯ. ಊರವರು ಮಾತ್ರ ‘ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ, ಎಲ್ಲರಿಗೂ ಬೆಂಗಳೂರು ಬೇಕು’ ಎಂದರು. ಕರಾವಳಿಯಲ್ಲಿ ಇಂಥ ಹೋಟೆಲೊಂದು ಮುಚ್ಚಿದಾಗಲೆಲ್ಲ ಇದೇ ಮಾತು. ಆ ಲಾಭ ಮೊದಲಿನಿಂದಲೂ ಕೊಡದೆ ಉಳಿಸಿದ ಸಂಬಳವಾಗಿತ್ತು ಎಂದು ಯಾರೂ ಹೇಳುವುದಿಲ್ಲ.

ಕಾಗದಪತ್ರದ ಕಥೆ ಇನ್ನೂ ಸ್ವಾರಸ್ಯದ್ದು. 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ನಮ್ಮಂಥ ಕಡೆ ಭರತರೇಖೆಯಿಂದ (ಉಬ್ಬರದ ನೀರು ಏರಿ ಮುಟ್ಟುವ ಗೆರೆಯಿಂದ) 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು ಎಂದಿತ್ತು ಅದು. ಮೊದಲೇ ಅಧಿಕೃತವಾಗಿ ಇದ್ದದ್ದನ್ನು ಅಡಿಪಾಯದ ವಿಸ್ತೀರ್ಣ ಹೆಚ್ಚಿಸದೆ ರಿಪೇರಿ ಮಾಡಬಹುದಿತ್ತು. ಉಪ್ಪುಗಾಳಿಗೆ ಹೆಂಚು ಹೊತ್ತ ಮರದ ಪಕಾಸಿ, ರೀಪುಗಳ ಮೊಳೆಗಳೆಲ್ಲ ತುಕ್ಕು ಹಿಡಿದು ಮಾಡು ಕುಸಿಯುವಂತಾದಾಗ, ಕಟ್ಟಡ ಹಳೆಯದೆಂದು ತೋರಿಸಬೇಕಾಯಿತು. ಅಜ್ಜನ ಹೆಸರಿನ ಒಂದು ಚೀಟಿಯೂ ಸಿಗಲಿಲ್ಲ. ಸಿಕ್ಕಿದ್ದು ಪಂಚಾಯತಿನ ತೆರಿಗೆ ರಶೀದಿಗಳು, ವರ್ಷವಾರು ಜೋಡಿಸಿ ದಾರ ಕಟ್ಟಿದ್ದು, ಎಲ್ಲವೂ ಅಜ್ಜಿಯ ಹೆಸರಿನಲ್ಲಿ. ಮಾಡು ಉಳಿದದ್ದು ಆ ಕಟ್ಟಿನಿಂದ.

ಇದನ್ನೆಲ್ಲ ಹೇಳಿದರೆ ಮಾವನ ಮಗ, ‘ಗಿರಾಕಿಗಳು ರಶೀದಿ ನೋಡಿ ಊಟಕ್ಕೆ ಬರುವುದಿಲ್ಲ, ಅಕ್ಕ’ ಎನ್ನುತ್ತಾನೆ. ಅದೂ ಹೌದು. ಅವನಿಗೆ ಸಲ್ಲಬೇಕಾದದ್ದನ್ನೂ ಹೇಳಿಬಿಡುತ್ತೇನೆ: ಅಡುಗೆಮನೆಯ ಪೂರ್ತಿ ಜವಾಬ್ದಾರಿ ಹೊತ್ತಿರುವ ಅವನ ಹೆಂಡತಿಯ ಸಂಬಳ ಈಗ ಪ್ರತಿ ತಿಂಗಳೂ ಪುಸ್ತಕದಲ್ಲಿ ಬೀಳುತ್ತದೆ. ಹಾಗೆಯೇ ರೂಮಿನ ಬಾಡಿಗೆಯೂ ಊಟದ ದರವೂ ಏರಿವೆ. ‘ನಮ್ಮವರದ್ದೇ ಹೋಟೆಲು, ಇಷ್ಟೊಂದು ದರವೇ’ ಎಂದು ಗೊಣಗುವ ಮುಂಬೈಯ ಬಂಧುಗಳು ಈ ಬರಹವನ್ನು ಓದುತ್ತಿದ್ದರೆ, ದಯವಿಟ್ಟು ಈ ಸಲದ ರಜೆಯಲ್ಲಿ ಚೌಕಾಸಿಗೆ ಇಳಿಯಬೇಡಿ.