ಸ್ವಯಂಸೇವಕರು ಬಂದರೆ ಆಂಬುಲೆನ್ಸ್ ಬರಲ್ವಾ?

‘ತುರ್ತು ಕರೆ ಮಾಡಿದರೆ ಈಗ ಸ್ವಯಂಸೇವಕರನ್ನು ಕಳಿಸಿ ಸುಮ್ಮನಾಗುತ್ತಾರೆ, ಆಂಬುಲೆನ್ಸ್ ಬರಲ್ಲ’ ಅನ್ನೋ ಫಾರ್ವರ್ಡ್ ತಪ್ಪು. ತುರ್ತು ಕರೆ ಬಂದಾಗ ಹತ್ತಿರದ ಸ್ವಯಂಸೇವಕರನ್ನೂ ಕಳಿಸುವ ವ್ಯವಸ್ಥೆ ಇರುವ ಕಡೆ ಆಂಬುಲೆನ್ಸ್, ಸ್ವಯಂಸೇವಕರು ಇಬ್ಬರಿಗೂ ಕರೆ ಹೋಗುತ್ತದೆ; ಹತ್ತಿರ ಇರುವ ಸ್ವಯಂಸೇವಕರು ಮೊದಲು ತಲುಪಬಹುದು, ಅಷ್ಟೇ. ಆ ಕೆಲವು ನಿಮಿಷ ಯಾಕೆ ಮುಖ್ಯ ಅಂದರೆ, ಹೃದಯ ನಿಂತವರಿಗೆ ಸಿಪಿಆರ್ (ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ಪ್ರಥಮ ಚಿಕಿತ್ಸೆ), ಹೃದಯಕ್ಕೆ ಕೊಡುವ ವಿದ್ಯುತ್ ಶಾಕ್ ಸಿಗದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹಾಗಾಗಿ ಬಂದ ತಕ್ಷಣ ಎದೆ ಒತ್ತಲು ಶುರು ಮಾಡುತ್ತಾರೆ, ನಿಮಿಷಕ್ಕೆ 100ರಿಂದ 120 ಸಲ (ನೋಡೋಕೆ ಸುಲಭ, ಎರಡು ನಿಮಿಷ ಮಾಡಿದರೆ ತೋಳು ಸೋತುಹೋಗುತ್ತದೆ). ಎಇಡಿ (ಹೃದಯದ ಬಡಿತ ನೋಡಿ, ಬೇಕಿದ್ದರೆ ಶಾಕ್ ಕೊಡುವ ಯಂತ್ರ) ಇದ್ದರೆ ಅದನ್ನೂ ಹಚ್ಚುತ್ತಾರೆ. ಇಂಥ ಸ್ವಯಂಸೇವಕರಾಗೋಕೆ ಡಾಕ್ಟರೇ ಆಗಿರಬೇಕಿಲ್ಲ, ಆದರೆ ಸಾಮಾನ್ಯವಾಗಿ ತರಬೇತಿ ಬೇಕು. ಆಂಬುಲೆನ್ಸ್ ಬಂದ ಮೇಲೆ ಏನಾಗಿತ್ತು, ತಾವೇನು ಮಾಡಿದೆವು ಎಂದು ಹೇಳಿ ರೋಗಿಯನ್ನು ಅವರಿಗೆ ಒಪ್ಪಿಸುತ್ತಾರೆ.